ಮಗುವಿನ ಮೊಳಕೈ ಮುರಿದಾಗ

ಮೊಳಕಾಲು ಮುರಿಯುವಂತಹ ಕಲ್ಲುನೆಲದಿಂದ ಮೊಳಕಾಲ್ಮೂರಿಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಆದರೆ ಬಂಡೆಯಿಂದಲೋ ಹುಣಿಸೆಮರದಿಂದಲೋ ಬೀಳುವ ಮಗುವು ಅಂಗೈಯನ್ನು ನೆಲಕ್ಕೆ ಊರುವುದರಿಂದ ಅಪಾಯವು ಮೊಳಕೈಗೇ ಹೆಚ್ಚು. 5ರಿಂದ 7 ವರ್ಷದ ಮಕ್ಕಳಲ್ಲಿ ಮೊಳಕೈಗಿಂತ ತುಸು ಮೇಲೆ, ತೋಳಿನ ಎಲುಬು ತೆಳುವಾಗಿರುವೆಡೆಯಲ್ಲಿ, ಮುರಿಯುವುದು ಸಾಮಾನ್ಯ.

ಆ ಎಡೆಯ ಮುಂದುಗಡೆಯಲ್ಲಿಯೇ ಕೈಗೆ ರಕ್ತವನ್ನೊಯ್ಯುವ ನಾಳವು ಹಾಯುತ್ತದೆ. ಬಾತ ಕೈಗೆ ಬಿದಿರುದಬ್ಬೆಯಿಟ್ಟು ಬಿಗಿದು ಕಟ್ಟಿದರೆ ರಕ್ತಸಂಚಾರವು ತಡೆದು, ಕೆಲವೇ ಗಂಟೆಗಳಲ್ಲಿ ಮಾಂಸಖಂಡಗಳು ಸತ್ತು, ಬೆರಳುಗಳು ಶಾಶ್ವತವಾಗಿ ಮುದುಡಿಹೋಗಬಹುದು. ರೇಷ್ಮೆಯ ಎಳೆಗಳನ್ನು ನೇಯ್ದು ಬಾಳುವ ಊರಿಗೆ ಬೆರಳಿನ ಬೆಲೆಯನ್ನು ಹೇಳಬೇಕಾದುದಿಲ್ಲ.

ಎಲುಬು ಸರಿದಿದ್ದರೆ ವೈದ್ಯರು ಮಗುವಿಗೆ ಅರಿವಳಿಕೆ ಕೊಟ್ಟು, ಎಕ್ಸ್‌ರೇಯಲ್ಲಿ ನೋಡುತ್ತ ಎಲುಬನ್ನು ಕೂಡಿಸಿ, ಎರಡು ಮೂರು ಉಕ್ಕಿನ ಸಣ್ಣ ತಂತಿಗಳನ್ನು ಚರ್ಮದ ಮೂಲಕವೇ ಚುಚ್ಚಿ ನಿಲ್ಲಿಸುವರು. ಸಾಮಾನ್ಯವಾಗಿ ಕೊಯ್ಯಬೇಕಾಗುವುದಿಲ್ಲ. ಈ ತಂತಿಗೆ ಮೂಲಪುರುಷನು 1909ರಲ್ಲಿ ಇದನ್ನು ಬಳಕೆಗೆ ತಂದ ಜರ್ಮನಿಯ ಕಿರ್ಷ್ನರ್. ಮೂರು ನಾಲ್ಕು ವಾರಗಳಲ್ಲಿ ಎಲುಬು ಕೂಡಿದೊಡನೆ ತಂತಿಗಳನ್ನು ತೆಗೆಯುವರು.

ಆದುದರಿಂದ ಗೃಹಸ್ಥರು ಪೆಟ್ಟಾದ ಕೈಯನ್ನು ತಿಕ್ಕಬಾರದು, ಎಳೆಯಬಾರದು. ಇದ್ದಂತೆಯೇ ಸಡಿಲವಾಗಿ ಆಧಾರವಿತ್ತು, ತಿನ್ನಲು ಏನನ್ನೂ ಕೊಡದೆ, ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಬೆರಳುಗಳು ತಣ್ಣಗಾದರೆ, ಬಿಳಿಚಿದರೆ, ನೀಡಿದಾಗ ನೋವು ಮಿತಿಮೀರಿದರೆ ಕ್ಷಣವೂ ತಡೆಯಲಾಗದು. ಒಂದು ದಿನದ ಪ್ರಯಾಣಕ್ಕೆ ನಾವು ಬೇಸರಪಟ್ಟರೆ ಅದರ ದಂಡವನ್ನು ಮಗುವು ಬಾಳೆಲ್ಲ ತೆರಬೇಕಾದೀತು.