ಗಡಿನಾಡಿಗೆ ಬಂದ ಆಕಾಶವಾಣಿ

ಪುರಾಣಗಳಲ್ಲಿ ಆಕಾಶವಾಣಿಯು ಸುಮ್ಮನೆ ನುಡಿಯುವುದಿಲ್ಲ. ತಂಗಿಯ ರಥವನ್ನು ನಡೆಸುತ್ತ ಹೊರಟ ಕಂಸನಿಗೆ ಅದು ಹೇಳಿದುದು ಅವನ ಮರಣದ ವಾರ್ತೆಯನ್ನು. ಅಂಥ ಗಂಭೀರ ಪದವನ್ನು ಸಂಗೀತಕ್ಕೂ ಹವಾಮಾನಕ್ಕೂ ಪೇಟೆಯ ಧಾರಣೆಗೂ ಸಲ್ಲುವಂತೆ ಮಾಡಿದುದರಲ್ಲಿ ಕನ್ನಡನಾಡಿಗೆ ದೊಡ್ಡ ಪಾಲುಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿರಿಸಿ ನಿಲಯವನ್ನಾರಂಭಿಸಿದರು. ಅದು ಆಕಾಶವಾಣಿಯೆಂದು ಹೆಸರಾಯಿತು. ಎರಡು ದಶಕಗಳ ತರುವಾಯ ಇಡೀ ದೇಶದ ರೇಡಿಯೋ ಸಂಸ್ಥೆಯೇ ಆ ಹೆಸರನ್ನು ತಳೆಯಿತು.

ಮೈಸೂರಿನ ಆ ಕ್ಷೀಣಧ್ವನಿಯು ನಮ್ಮ ಸೀಮೆಯನ್ನು ಮುಟ್ಟುವಂತಿರಲಿಲ್ಲ. ಸೀಮೆಯಾದರೂ ಆಗ ಹರಿದು ಹಂಚಿಹೋಗಿದ್ದಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯವು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ್ದು, ಅಲ್ಲಿಯ ದರ್ಬಾರಿನ ವ್ಯವಹಾರ ಮರಾಠಿಯಲ್ಲಿ. 1949ರಲ್ಲಿ ಆ ಸಂಸ್ಥಾನವು ಮುಂಬಯಿಯಲ್ಲಿ ವಿಲೀನವಾಯಿತು. ಮರುವರ್ಷ, 1950ನೆಯ ಇಸವಿ ಜನವರಿ 8ರಂದು, ಧಾರವಾಡದ ನಿಲಯವು ತೆರೆಯಿತು. ಧಾರವಾಡವೂ ಆಗ ಮುಂಬಯಿಗೆ ಸೇರಿದ್ದೇ. ಎಂದರೆ 1956ರ ನವೆಂಬರಿನಲ್ಲಿ ಏಕೀಕರಣವಾಗುವುದಕ್ಕೆ ಆರು ವರ್ಷಗಳಿಗೂ ಮೊದಲೇ ಈ ಭಾಗದವರಿಗೆ ತಮ್ಮ ನುಡಿಯ ನಿಲಯವೊಂದು ದೊರೆತಿದ್ದಿತು. ಬೇಂದ್ರೆಯವರು 1956ರಲ್ಲಿ ಅದರ ಸಲಹೆಗಾರರಾದರು. ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿದ್ದರು. ಅಕ್ಷರವರಿಯದ ಮುದುಕಿಯೂ ಹಿತ್ತಿಲಿನಲ್ಲಿ ಕುಳಿತು ಇಂಥವರ ಫಲವನ್ನುಣ್ಣಬಹುದಾಯಿತು. ಪುಸ್ತಕದ ಕನ್ನಡವು ಬೇರೆ, ಮನೆಯ ಕನ್ನಡವು ಬೇರೆ ಎಂದು ಬಗೆದಿದ್ದ ನಮ್ಮ ಜನಕ್ಕೆ, ತಮ್ಮದೇ ಧಾಟಿಯ ಮಾತು ಯಂತ್ರದಿಂದ ಹೊರಡುವುದನ್ನು ಕೇಳುವುದು ಸಣ್ಣ ಸಂಗತಿಯಲ್ಲ.

ಧಾರವಾಡವು ನಮಗೆ ನೂರು ಕಿಲೋಮೀಟರಿಗೂ ಮೀರಿದ ದೂರ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನನುಸರಿಸಿ ಸಾಗುತ್ತವೆ. ಇರುಳಾದ ಮೇಲೆ ಎತ್ತರದ ಅಯಾನಮಂಡಲಕ್ಕೆ ತಾಗಿ ಮರಳಿ ದೂರದೂರಕ್ಕೆ ಬೀಳುತ್ತವೆ. ಆದುದರಿಂದಲೇ ಹಗಲು ಸುಳಿವಿಲ್ಲದ ಯಾವ ಯಾವ ನಿಲಯಗಳೋ ರಾತ್ರಿ ನಡುವೆ ನುಗ್ಗಿ ಧಾರವಾಡದ ಮಾತನ್ನು ಕಲಕುತ್ತಿದ್ದವು. 1963ರಲ್ಲಿ ಸಾಂಗಲಿಯಲ್ಲಿ ಮರಾಠಿಯ ನಿಲಯವಾಯಿತು. ಕಾಗವಾಡಕ್ಕೆ ಮಿರಜವೇ ಕೂಗಳತೆ, ಸಾಂಗಲಿ ಅದರಾಚೆಗೆ. ಅಲ್ಲಿಯ ಧ್ವನಿ ಪಕ್ಕದ ಕೋಣೆಯಿಂದ ಬಂದಂತೆ ಸ್ಪಷ್ಟ.

ಅದೇ ದಶಕದಲ್ಲಿ ಗಡಿಯ ತಂಟೆ ಹೊಗೆಯಾಡುತ್ತಲಿದ್ದಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡತಕ್ಕದ್ದೆಂದು ಸೂಚಿಸಿತು. ಆ ವರದಿಯು ಕಾರ್ಯಗತವಾಗಲಿಲ್ಲ. ಹೊಗೆಸೊಪ್ಪಿನ ಆ ಊರಿನಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತವೆ. ಊರು ಯಾರದೆಂಬ ಚರ್ಚೆ ಕಟ್ಟೆಯ ಮೇಲೆ ಏರುದನಿಯಲ್ಲಿ ನಡೆದಿರುವಾಗಲೇ, ಒಳಮನೆಗಳಲ್ಲಿ ಮುಂಜಾನೆ ಧಾರವಾಡ, ಸಂಜೆ ಸಾಂಗಲಿ. ಯಾವ ನಿಲಯವನ್ನು ಹಚ್ಚಿದರೆ ಯಾರ ಪಕ್ಷವೆಂದು ನೆರೆಯವರು ಲೆಕ್ಕ ಹಾಕಿಯಾರೆಂಬ ಅಳುಕಿನಿಂದ ಧ್ವನಿಯನ್ನು ತಗ್ಗಿಸಿ ಕೇಳಿದವರನ್ನೂ ನಾವು ಬಲ್ಲೆವು. ಹಾಡಿಗೂ ಪಕ್ಷವುಂಟೆ?

ನಮ್ಮ ಮಾತೃಶ್ರೀಯವರಿಗೆ ಅಂಕಿಗಳು ಓದಲು ಬರುತ್ತಿರಲಿಲ್ಲ. ರೇಡಿಯೋದ ಗಾಜಿನ ಮೇಲೆ ಧಾರವಾಡ ಸಿಕ್ಕುವ ಸ್ಥಳದಲ್ಲಿ ಅವರು ಕುಂಕುಮದ ಬೊಟ್ಟನ್ನಿಟ್ಟಿದ್ದರು, ಸಾಂಗಲಿಗೆ ಅರಿಸಿನದ್ದು. ಧೂಳು ಒರೆಸುವಾಗ ಯಾರಾದರೂ ಅಳಿಸಿದರೆ, ಮುಳ್ಳನ್ನು ಸರಿಸುತ್ತ ಕಿವಿಗೊಟ್ಟು ಹುಡುಕಿ, ಎರಡನ್ನೂ ಮತ್ತೆ ಇಡುತ್ತಿದ್ದರು.