ಕಳಂಕಿತರಿಗೇ ಮತವೇಕೆ?

ಚುನಾವಣೆಯೊಂದು ಮುಗಿದು ಫಲಿತಾಂಶಗಳು ಹೊರಬಿದ್ದಾಗಲೆಲ್ಲ ನಮ್ಮ ವಿದ್ಯಾವಂತರಲ್ಲಿ ಒಂದು ನಿಟ್ಟುಸಿರು ಕೇಳಿಬರುವುದುಂಟು. ಸಾರ್ವಜನಿಕ ಸ್ವತ್ತನ್ನು ನುಂಗಿದನೆಂದು ಊರೆಲ್ಲ ಆಡಿಕೊಳ್ಳುವವನು, ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಬಂದವನು, ಅಂಥವನೇ ಮರಳಿ ಗೆದ್ದು ಹಾರ ಹಾಕಿಸಿಕೊಂಡು ಮೆರವಣಿಗೆಯಲ್ಲಿ ಹೊರಟನಲ್ಲಾ! ಈ ಜನಕ್ಕೆ ಬುದ್ಧಿ ಬರುವುದೆಂದು? ಜನರು ಅಜ್ಞರು, ಹಣಕ್ಕೆ ಮತವನ್ನು ಮಾರಿಕೊಳ್ಳುವವರು, ಜಾತಿಯ ಅಂಧಾಭಿಮಾನಿಗಳು ಎಂಬ ಈ ತೀರ್ಪು ಬಹಳ ಸುಲಭವಾದುದು. ತೀರ್ಪು ಕೊಟ್ಟವರ ಮೇಲೆ ಅದರಿಂದ ಯಾವ ಹೊಣೆಯೂ ಬೀಳುವುದಿಲ್ಲ. ನಾವು ಅದನ್ನು ಒಪ್ಪಲಾರೆವು.

ಸಂಗತಿಯು ಸಣ್ಣದೆಂದು ನಾವು ಹೇಳುತ್ತಿಲ್ಲ. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿಪಾಸ್ತಿಯನ್ನೂ ತನ್ನ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ. ಆ ಪತ್ರಗಳನ್ನು ಒಟ್ಟುಗೂಡಿಸಿ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆಯು ಹಾಕಿದ ಲೆಕ್ಕದಂತೆ, ಮೊಕದ್ದಮೆಗಳಿರುವ ಲೋಕಸಭಾ ಸದಸ್ಯರು 2009ರಲ್ಲಿ 162 ಮಂದಿ, 2014ರಲ್ಲಿ 185, 2019ರಲ್ಲಿ 233, 2024ರಲ್ಲಿ 543 ಮಂದಿಯೊಳಗೆ 251. ಮೊಕದ್ದಮೆಯೆಂದ ಮಾತ್ರಕ್ಕೆ ಅಪರಾಧವಲ್ಲ. ಚಳವಳಿಯಲ್ಲಿ ರಸ್ತೆಗಿಳಿದವರ ಮೇಲಿನ ಮೊಕದ್ದಮೆಗಳೂ ಈ ಎಣಿಕೆಯಲ್ಲಿ ಸೇರಿವೆ. ಲಂಚಕ್ಕೆ ಸಂಬಂಧಿಸಿದವು ಅವುಗಳಲ್ಲಿ ಒಂದು ಭಾಗ ಮಾತ್ರ. ಆದರೂ ಪತ್ರಗಳು ಬಯಲಾದ ಮೇಲೆ ಸಂಖ್ಯೆಯು ಇಳಿಯದೆ ಏರಿತೆಂಬುದನ್ನು ವಾಚಕರು ಗಮನಿಸಬೇಕು. ಅಜ್ಞಾನವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ದೂರ ಹೋಗುವುದೇಕೆ, ನಮ್ಮ ಬಳ್ಳಾರಿಯನ್ನೇ ತೆಗೆದುಕೊಳ್ಳೋಣ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಕೆಂಧೂಳು ಹೊಲಗಳ ಮೇಲೆ ಕೂತಿತು, ಲಾರಿಗಳ ಸಾಲಿನಡಿ ರಸ್ತೆಗಳು ಹಳ್ಳಗಳಾದವು. 2006ರಿಂದ 2010ರವರೆಗಿನ ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕಾದ ನಷ್ಟವು 16,085 ಕೋಟಿ ರೂಪಾಯಿ ಎಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ವರದಿಯಿತ್ತರು. ಅಂದಿನ ಮುಖ್ಯಮಂತ್ರಿಗಳು ಅಧಿಕಾರವನ್ನು ಬಿಡಬೇಕಾಯಿತು. ಸೆಪ್ಟೆಂಬರಿನಲ್ಲಿ ಮಾಜಿ ಮಂತ್ರಿ ಜಿ. ಜನಾರ್ದನ ರೆಡ್ಡಿಯವರನ್ನು ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿ.ಬಿ.ಐ. ಬಂಧಿಸಿತು. ಇದಾದ ಮೂರು ತಿಂಗಳಿಗೇ ಬಳ್ಳಾರಿ ಗ್ರಾಮಾಂತರ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ರೆಡ್ಡಿ ಸೋದರರ ಬಳಗದ ಅಭ್ಯರ್ಥಿಯು ಪಕ್ಷೇತರನಾಗಿ ನಿಂತು 46 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದುಬಂದರು. ವರದಿಯ ಸುದ್ದಿ ಆ ಹಳ್ಳಿಗಳಿಗೆ ತಲಪಿರಲಿಲ್ಲವೆಂದು ಯಾರು ಹೇಳಿಯಾರು? ಇದು ಒಂದೇ ಪಕ್ಷದ ರೋಗವೂ ಅಲ್ಲ. ಬೇಲೆಕೇರಿ ಬಂದರಿನ ಅದಿರು ಪ್ರಕರಣದಲ್ಲಿ 2013ರಲ್ಲಿ ಬಂಧಿತರಾಗಿದ್ದ ಕಾರವಾರದ ಸತೀಶ್ ಸೈಲ್ ಅವರು 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2024ರಲ್ಲಿ ಅವರಿಗೆ ವಿಶೇಷ ನ್ಯಾಯಾಲಯವು ಶಿಕ್ಷೆ ವಿಧಿಸಿತು. ಉಚ್ಚ ನ್ಯಾಯಾಲಯವು ಅದನ್ನು ಅಮಾನತಿನಲ್ಲಿಟ್ಟಿತು.

ಬಳ್ಳಾರಿಯ ಮತದಾರನ ಜಾಗದಲ್ಲಿ ನಿಂತು ಒಂದು ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಲೋಕಾಯುಕ್ತರ ಮೊತ್ತವನ್ನು ಹಂಚಿದರೆ ತಲೆಗೆ ಸುಮಾರು 2,600 ರೂಪಾಯಿ ಬೀಳುತ್ತದೆ, ಅದೂ ನಾಲ್ಕು ವರ್ಷಗಳ ಅವಧಿಯಲ್ಲಿ. ಆ ಹಣವು ತನ್ನ ಜೇಬಿನಿಂದ ಹೋದುದನ್ನು ಯಾವನೂ ಕಾಣಲಿಲ್ಲ. ಆದರೆ ಸಾಮೂಹಿಕ ವಿವಾಹದಲ್ಲಿ ಮಗಳಿಗೆ ಬಂದ ತಾಳಿಯನ್ನು ಕಣ್ಣಾರೆ ಕಂಡನು. ಆಸ್ಪತ್ರೆಗೆ ಕಟ್ಟಿಕೊಟ್ಟ ಹಣವನ್ನು ಕಂಡನು. ನಷ್ಟವು ಎಲ್ಲರಿಗೂ ಸೇರಿದುದು, ಉಪಕಾರವು ಹೆಸರು ಹಿಡಿದು ಬಂದುದು. ಬಡವನು ಇವೆರಡನ್ನು ತೂಗಿದರೆ ತಕ್ಕಡಿ ಯಾವ ಕಡೆ ಬಾಗುವುದೆಂದು ಹೇಳಲು ಪಾಂಡಿತ್ಯ ಬೇಡ.

ಉಪಕಾರವೆಂದರೆ ಹಣವೆಂದೇ ತಿಳಿಯಬಾರದು. ಪಹಣಿಯಲ್ಲಿ ತಪ್ಪಿಹೋದ ಹೆಸರನ್ನು ತಿದ್ದಿಸಬೇಕು, ಅಣ್ಣತಮ್ಮಂದಿರ ಪಾಲಿಗೆ ಪೋಡಿಯಾಗಬೇಕು, ತಾಯಿಗೆ ವೃದ್ಧಾಪ್ಯ ವೇತನ ಬರಬೇಕು, ಠಾಣೆಯಲ್ಲಿ ಕೂಡಿಹಾಕಿದ ಮಗನನ್ನು ಬಿಡಿಸಬೇಕು. ಇವೆಲ್ಲವೂ ಕಾಯಿದೆಯಲ್ಲಿ ಅವನ ಹಕ್ಕುಗಳೇ. ಆದರೆ ಕಚೇರಿಯ ಬಾಗಿಲಲ್ಲಿ ಅವನಿಗೆ ಸಿಗುವ ಉತ್ತರ "ಸಾಹೇಬರಿಲ್ಲ, ನಾಳೆ ಬಾ" ಎಂಬುದು. ಶಾಸಕರ ಮನೆಯಿಂದ ಒಂದು ದೂರವಾಣಿ ಕರೆ ಹೋದರೆ ಸಾಹೇಬರು ಕುರ್ಚಿಯಲ್ಲಿ ಪ್ರತ್ಯಕ್ಷರಾಗುತ್ತಾರೆ. ಪ್ರಾಮಾಣಿಕ ಅಭ್ಯರ್ಥಿಯು ಏನೆನ್ನುತ್ತಾನೆ? ಎಲ್ಲವೂ ನಿಯಮದಂತೆ ನಡೆಯಲಿ ಎನ್ನುತ್ತಾನೆ. ನಿಯಮವೆಂದರೆ ಎರಡು ವರ್ಷದ ಅಲೆದಾಟವೆಂದು ಅನುಭವದಿಂದ ಬಲ್ಲ ರೈತನಿಗೆ ಈ ಮಾತು ಸಂತನದೆನಿಸಬಹುದು, ತನ್ನವನದೆನಿಸುವುದಿಲ್ಲ. ಸರಕಾರವು ಹಕ್ಕಾಗಿ ಕೊಡದುದನ್ನು ಕೃಪೆಯಾಗಿ ಕೊಡಿಸುವವನೇ ಅವನ ಪಾಲಿನ ಸರಕಾರ. ಆ ಕೃಪೆಗೆ ಬೇಕಾದ ಹಣವೂ ವಶೀಲಿಯೂ ಎಲ್ಲಿಂದ ಬಂದವೆಂದು ಅವನು ಕೇಳುವುದಿಲ್ಲ. ಕೇಳಿ ಅವನಿಗಾಗಬೇಕಾದುದೇನು?

ಇದು ಹಿಂದುಳಿದ ದೇಶಗಳ ಗುಣವೆಂದು ತಿಳಿದವರು ಅಮೆರಿಕದ ಬಾಸ್ಟನ್ ನಗರದ ಕಥೆಯನ್ನು ಓದಬೇಕು. ಜೇಮ್ಸ್ ಮೈಕೆಲ್ ಕರ್ಲಿ ಎಂಬಾತನು ಟಪಾಲು ಇಲಾಖೆಯ ಪರೀಕ್ಷೆಗೆ ಬೇರೊಬ್ಬನ ಹೆಸರಿನಲ್ಲಿ ಕುಳಿತು ಸೆರೆಗೆ ಹೋದನು. 1904ರಲ್ಲಿ ಸೆರೆಯಲ್ಲಿದ್ದುಕೊಂಡೇ ನಗರಸಭೆಗೆ ಆರಿಸಿಬಂದನು. ಸ್ನೇಹಿತನಿಗಾಗಿ ಮಾಡಿದನೆಂಬುದೇ ಅವನ ಚುನಾವಣಾ ಘೋಷಣೆಯಾಯಿತು! ನಾಲ್ಕು ಬಾರಿ ಮೇಯರನಾದನು. ಒಮ್ಮೆ ಆ ರಾಜ್ಯದ ಗವರ್ನರನೂ ಆದನು. ಕೊನೆಯ ಸಲ 1945ರಲ್ಲಿ ಗೆದ್ದಾಗ ಅವನ ಮೇಲೆ ವಂಚನೆಯ ಮೊಕದ್ದಮೆಯಿತ್ತು. 1947ರಲ್ಲಿ ಮೇಯರನಾಗಿದ್ದಾಗಲೇ ಐದು ತಿಂಗಳು ಸೆರೆಯಲ್ಲಿದ್ದು ಮರಳಿ ಅದೇ ಕುರ್ಚಿಯಲ್ಲಿ ಕುಳಿತನು. ಅವನಿಗೆ ಮತವಿತ್ತ ಐರಿಷ್ ಕೂಲಿಕಾರರಿಗೆ ಆ ನಗರದ ಬ್ಯಾಂಕುಗಳಲ್ಲಾಗಲಿ ಕಚೇರಿಗಳಲ್ಲಾಗಲಿ ಬೇರೆ ಯಾರೂ ಬಾಗಿಲು ತೆರೆದಿರಲಿಲ್ಲ. 1949ರಲ್ಲಿ ಅವನು ಸೋತನು. ಸೋಲಿಸಿದವನು ಮಹಾ ವಾಗ್ಮಿಯಲ್ಲ. ಕರ್ಲಿ ಸೆರೆಯಲ್ಲಿದ್ದಾಗ ನಗರಾಡಳಿತವನ್ನು ಸದ್ದಿಲ್ಲದೆ ನೋಡಿಕೊಂಡಿದ್ದ ಜಾನ್ ಹೈನ್ಸ್ ಎಂಬ ಗುಮಾಸ್ತೆ. ಅಷ್ಟರೊಳಗೆ 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ ವೃದ್ಧರ ವೇತನವೂ ನಿರುದ್ಯೋಗಿಗಳ ಭತ್ಯವೂ ಹಕ್ಕಾಗಿ ಬರತೊಡಗಿದ್ದವು. ಪುಢಾರಿಯ ಮನೆಬಾಗಿಲಿಗೆ ಹೋಗಬೇಕಾದ ಕಾರ್ಯಗಳು ಕಡಮೆಯಾಗಿದ್ದವು.

ನಮ್ಮಲ್ಲಿಯೂ ಆ ದಾರಿಯಲ್ಲಿ ಒಂದು ಹೆಜ್ಜೆ ಇಡಲಾಗಿತ್ತು. 2012ರ ಏಪ್ರಿಲ್‌ನಲ್ಲಿ ಸಕಾಲ ಯೋಜನೆಯು 11 ಇಲಾಖೆಗಳ 151 ಸೇವೆಗಳಿಗೆ ಗಡುವು ಗೊತ್ತುಮಾಡಿತು; ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವೆಂದಿತು. ಆ ಇಪ್ಪತ್ತು ರೂಪಾಯಿಯನ್ನು ಎದೆಯೆತ್ತಿ ಕೇಳಿ ಪಡೆದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿ? ನಾಳೆ ಮತ್ತೊಂದು ಕೆಲಸಕ್ಕೆ ಅದೇ ಗುಮಾಸ್ತರ ಎದುರು ನಿಲ್ಲಬೇಕಾದವನು ಕೇಳುವುದೆಂತು?

ಜಾತಿಯ ಮಾತನ್ನೂ ಹಣದ ಮಾತನ್ನೂ ನಾವು ಮರೆತಿಲ್ಲ, ಎರಡೂ ಇವೆ. ಆದರೆ ಹಣವನ್ನು ಎರಡು ಕಡೆಯವರೂ ಹಂಚುತ್ತಾರೆ, ಜಾತಿಯವರು ಎರಡು ಪಕ್ಷಗಳಲ್ಲಿಯೂ ಇರುತ್ತಾರೆ. ಮತದಾರನ ಮುಂದಿಟ್ಟ ಎಲೆಯಲ್ಲಿ ಬಡಿಸಿದವರು ಯಾರೆಂದು ಕೇಳುವುದೇ ಮೇಲು. ಅಭ್ಯರ್ಥಿಯ ಮೇಲೆ ಮೊಕದ್ದಮೆಗಳಿದ್ದರೂ ಅವನನ್ನೇ ಏಕೆ ಆರಿಸಿದಿರೆಂಬುದನ್ನು ಪಕ್ಷಗಳು 48 ಗಂಟೆಗಳೊಳಗೆ ಪ್ರಕಟಿಸಬೇಕು, ಗೆಲ್ಲುವ ಶಕ್ತಿಯೊಂದೇ ಕಾರಣವಾಗಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಆಜ್ಞಾಪಿಸಿತು. ಅದೇ ವರ್ಷದ ಬಿಹಾರ ಚುನಾವಣೆಯಲ್ಲಿ ಪಕ್ಷಗಳು ಆ ಆಜ್ಞೆಯನ್ನು ಸರಿಯಾಗಿ ಪಾಲಿಸಲಿಲ್ಲ. 2021ರ ಆಗಸ್ಟಿನಲ್ಲಿ ಆಳುವ ಪಕ್ಷ, ವಿರೋಧಪಕ್ಷ ಎನ್ನದೆ ಹಲವರಿಗೆ ದಂಡ ಬಿದ್ದಿತು. ಒಂದು ಲಕ್ಷ, ಐದು ಲಕ್ಷ! ಚುನಾವಣೆಗೆ ನೀರಿನಂತೆ ಹಣ ಚೆಲ್ಲುವವರಿಗೆ ಇದು ಎಲೆಅಡಿಕೆಯ ಖರ್ಚು.

ಜನರಿಗೆ ನಂಬಲರ್ಹವಾದ ಸಾಕ್ಷ್ಯವು ಸಕಾಲದಲ್ಲಿ ದೊರೆತರೆ ಅವರೇನು ಮಾಡುವರೆಂಬುದಕ್ಕೂ ನಿದರ್ಶನವುಂಟು. ಬ್ರೆಜಿಲ್ ದೇಶದ ಕೇಂದ್ರ ಸರಕಾರವು 2003ರಿಂದ ಪುರಸಭೆಗಳನ್ನು ಲಾಟರಿಯಿಂದ ಆರಿಸಿ, ಲೆಕ್ಕ ತಪಾಸಣೆ ಮಾಡಿಸಿ, ವರದಿಗಳನ್ನು ಪ್ರಕಟಿಸತೊಡಗಿತು. 2004ರ ಚುನಾವಣೆಗೆ ಮೊದಲು ವರದಿ ಬಂದ ಊರುಗಳನ್ನೂ ಆಮೇಲೆ ಬಂದ ಊರುಗಳನ್ನೂ ಫೆರಾಜ್ ಮತ್ತು ಫಿನಾನ್ ಎಂಬ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ಅಕ್ರಮಗಳು ಬಯಲಾದ ಮೇಯರುಗಳು ಮರಳಿ ಗೆಲ್ಲುವುದು ಕುಗ್ಗಿತ್ತು. ಊರಿನದೇ ರೇಡಿಯೋ ಇದ್ದಲ್ಲಿ ಇನ್ನಷ್ಟು ಕುಗ್ಗಿತ್ತು. ಅಲ್ಲಿ ಶುದ್ಧಹಸ್ತರಿಗೆ ಲಾಭವೇ ಆಗಿತ್ತು. ನಮ್ಮ ಪ್ರಮಾಣಪತ್ರಗಳಿಗೂ ಆ ವರದಿಗಳಿಗೂ ಇರುವ ಅಂತರವು ಸ್ಪಷ್ಟವಾದುದು. ಇಲ್ಲಿ ಅಭ್ಯರ್ಥಿಯು ತನ್ನ ಮೇಲಿನ ಆಪಾದನೆಯನ್ನು ತಾನೇ ಬರೆದುಕೊಡುತ್ತಾನೆ, ಎದುರಾಳಿಯೂ ಹಾಗೆಯೇ ಬರೆದುಕೊಡುತ್ತಾನೆ. ನಿಜವಾವುದು, ರಾಜಕೀಯ ದ್ವೇಷದಿಂದ ಹೂಡಿದುದಾವುದು ಎಂಬುದನ್ನು ತಟಸ್ಥರಾದವರು ನಿರ್ಣಯಿಸಿ ಹೇಳುವುದಿಲ್ಲ.

ನಿರ್ಣಯಿಸಬೇಕಾದವು ನ್ಯಾಯಾಲಯಗಳು. ಓಬಳಾಪುರಂ ಪ್ರಕರಣವನ್ನು ಸಿ.ಬಿ.ಐ. ದಾಖಲಿಸಿದುದು 2009ರ ಡಿಸೆಂಬರಿನಲ್ಲಿ. ಹೈದರಾಬಾದಿನ ವಿಶೇಷ ನ್ಯಾಯಾಲಯವು ಜನಾರ್ದನ ರೆಡ್ಡಿಯವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿದುದು 2025ರ ಮೇ ತಿಂಗಳಿನಲ್ಲಿ. ಜೂನ್‌ನಲ್ಲಿ ತೆಲಂಗಾಣದ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಪ್ರಕರಣಕ್ಕೂ ತೀರ್ಪಿಗೂ ನಡುವೆ ಕರ್ನಾಟಕದಲ್ಲಿ ಮೂರು ವಿಧಾನಸಭಾ ಚುನಾವಣೆಗಳು, ಮೂರು ಲೋಕಸಭಾ ಚುನಾವಣೆಗಳು ನಡೆದುಹೋದವು. ಬಳ್ಳಾರಿಗೆ ಕಾಲಿಡಬಾರದೆಂಬ ಜಾಮೀನಿನ ಕಟ್ಟಳೆಯಲ್ಲಿದ್ದ ರೆಡ್ಡಿಯವರು 2023ರಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ತಮ್ಮದೇ ಹೊಸ ಪಕ್ಷದಲ್ಲಿ ನಿಂತು ಗೆದ್ದರು. ಅಂದು ಮತಗಟ್ಟೆಯ ಸಾಲಿನಲ್ಲಿ ನಿಂತ ಗಂಗಾವತಿಯ ಮತದಾರನ ಕೈಯಲ್ಲಿ ಈ ಪ್ರಕರಣದ ಯಾವ ತೀರ್ಪೂ ಇರಲಿಲ್ಲ.