ಕರಾವಳಿಯ ಸೆಕೆ ಮತ್ತು ವಸತಿ ಯೋಜನೆಯ ಮನೆಗಳು: ಸದಸ್ಯರ ಗಮನಕ್ಕೆ

ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಗ್ರಾಮ ಪಂಚಾಯತ್ ಕಚೇರಿಗೆ ಬರುವ ದೂರುಗಳಲ್ಲಿ ಕುಡಿಯುವ ನೀರಿನದ್ದೇ ಮೊದಲ ಸ್ಥಾನ. ಆದರೆ ವಸತಿ ಯೋಜನೆಯ ಮನೆಗಳಿಗೆ ಭೇಟಿ ನೀಡುವ ಸದಸ್ಯರು ಇನ್ನೊಂದು ಮಾತನ್ನೂ ಕೇಳಿರುತ್ತಾರೆ: "ಹೊಸ ಮನೆಯಲ್ಲಿ ರಾತ್ರಿ ಮಲಗಲು ಆಗುವುದಿಲ್ಲ, ಹಳೆಯ ಹಂಚಿನ ಮನೆಯೇ ವಾಸಿಯಾಗಿತ್ತು." ಇದನ್ನು ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಹಾಸಿಗೆ ಹಿಡಿದ ವೃದ್ಧರು, ಬಾಣಂತಿಯರು, ಶಿಶುಗಳು ಹಗಲಿರುಳು ಆ ಕೋಣೆಯೊಳಗೇ ಇರುವವರು. ಶಾಖದ ಬಳಲಿಕೆ ಮೊದಲು ತಟ್ಟುವುದೂ ಅವರಿಗೇ. ಮನೆ ಮುಗಿದ ಮೇಲೆ ಇದನ್ನು ಸರಿಪಡಿಸುವುದು ದುಬಾರಿ. ಕಟ್ಟುವ ಹಂತದಲ್ಲಾದರೋ ಬಹುಪಾಲು ಸುಧಾರಣೆಗಳಿಗೆ ಹೆಚ್ಚಿನ ವೆಚ್ಚವೇ ಇಲ್ಲ.

ಬಿಸಿಲು ಬೇರೆ, ಸೆಕೆ ಬೇರೆ. ನಮ್ಮ ದೇಹ ತಣಿಯುವುದು ಬೆವರು ಆರುವುದರಿಂದ; ಗಾಳಿಯಲ್ಲಿ ನೀರಾವಿ ತುಂಬಿದ್ದರೆ ಬೆವರು ಆರದೆ ಮೈಮೇಲೆಯೇ ಇಳಿಯುತ್ತದೆ. ಕಲಬುರಗಿಯಲ್ಲಿ ಉಷ್ಣಾಂಶ 41 ಡಿಗ್ರಿ, ತೇವಾಂಶ ಶೇ. 20 ಇದ್ದ ದಿನ, ನೀರು ಹಾಕುವ ಕೂಲರ್ ಗಾಳಿಯನ್ನು ಹೆಚ್ಚೆಂದರೆ 23 ಡಿಗ್ರಿಯ ಸಮೀಪಕ್ಕೆ ಇಳಿಸಬಲ್ಲದು. ಕರಾವಳಿಯಲ್ಲಿ 34 ಡಿಗ್ರಿ, ಶೇ. 65 ತೇವಾಂಶವಿದ್ದಾಗ ಅದೇ ಯಂತ್ರ 28 ಡಿಗ್ರಿಗಿಂತ ಕೆಳಗಿಳಿಸಲಾರದು. ಆ ಗಾಳಿಯೂ ಒದ್ದೆಯಾದದ್ದು. ಆದುದರಿಂದ ಅಂಗನವಾಡಿಗಳಿಗೆ ಕೂಲರ್ ಖರೀದಿಸುವ ಪ್ರಸ್ತಾವನೆ ಬಂದಾಗ ಸದಸ್ಯರು ಒಪ್ಪದಿರುವುದು ಲೇಸೆಂದು ನನ್ನ ಅಭಿಪ್ರಾಯ. ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸುವುದು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವುದು ಮುಂತಾದ ಬಯಲುಸೀಮೆಯ ಉಪಾಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿ ತಂಪು ಬೇಕಿದ್ದರೆ ಬಿಸಿಲನ್ನು ತಡೆಯಬೇಕು, ಗಾಳಿಯನ್ನು ಆಡಿಸಬೇಕು, ಮನೆಯನ್ನು ಒಣಗಿಸಿಡಬೇಕು.

ಬಿಸಿಲಿನ ಮೊದಲ ದಾರಿ ಮಾಡು. ಏಪ್ರಿಲ್ ಕೊನೆಯ ವೇಳೆಗೆ ಮಧ್ಯಾಹ್ನದ ಸೂರ್ಯ ನಮ್ಮ ಜಿಲ್ಲೆಯ ನೆತ್ತಿಯ ನೇರಕ್ಕೆ ಬರುತ್ತಾನೆ; ಗೋಡೆಗಳಿಗಿಂತ ಹೆಚ್ಚು ಬಿಸಿಲನ್ನು ತಾರಸಿಯೇ ಉಣ್ಣುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಗಲು ಹೀರಿಕೊಂಡ ಶಾಖ ಸಂಜೆಗೆ ಒಳಮೈಗೆ ತಲುಪಿ, ಮನೆಯವರು ಮಲಗುವ ಹೊತ್ತಿನಲ್ಲಿ ಕೋಣೆಯೊಳಕ್ಕೆ ಸೂಸುತ್ತಿರುತ್ತದೆ. ಹಂಚಿಗೆ ಈ ದೋಷವಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯ ಉದ್ದಕ್ಕೂ ಹರಡಿದ ಆ ಮಾಡು ತೆಳುವಾದುದು; ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ತಣಿಯುತ್ತದೆ, ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುತ್ತದೆ. ಫಲಾನುಭವಿ ಹಂಚನ್ನೇ ಬಯಸಿದರೆ "ಟೆರೇಸ್ ಹಾಕಿಸಿ" ಎಂದು ನಾವು ಒತ್ತಾಯಿಸುವ ಅಗತ್ಯವಿಲ್ಲ.

ತಾರಸಿಯೇ ಆಗಿದ್ದಲ್ಲಿ ಅದಕ್ಕೆ ನೆರಳು ಬೇಕು. ಸೋರುವಿಕೆ ತಡೆಯಲು ಮತ್ತು ಅಡಿಕೆ ಒಣಗಿಸಲು ನಮ್ಮಲ್ಲಿ ತಾರಸಿಯ ಮೇಲೆ ಶೀಟಿನ ಮಾಡು ಹಾಕುವುದು ರೂಢಿ. ನಾಲ್ಕು ಬದಿಯೂ ತೆರೆದಿದ್ದರೆ ಇದು ಸೆಕೆಗೂ ಅತ್ಯುತ್ತಮ ಪರಿಹಾರ, ಏಕೆಂದರೆ ಶೀಟು ಕಾದರೂ ಅದರ ಕೆಳಗೆ ಗಾಳಿ ಹಾಯುತ್ತದೆ. ಬದಿಗಳನ್ನು ಶೀಟಿನಿಂದಲೇ ಮುಚ್ಚಿದರೆ ಅದು ಮನೆಯ ತಲೆಯ ಮೇಲಿಟ್ಟ ಒಲೆಯಾಗುತ್ತದೆ. ಅಷ್ಟು ಹಣವಿಲ್ಲದವರಿಗೆ ಸುಣ್ಣ ಇದೆ. ಮಳೆಗೆ ಕಪ್ಪಾದ ಕಾಂಕ್ರೀಟ್ ಬಿಸಿಲಿನ ಬಹುಪಾಲನ್ನು ಹೀರುತ್ತದೆ, ಹೊಸದಾಗಿ ಸುಣ್ಣ ಬಳಿದ ಮೈ ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಪ್ರತ್ಯೇಕ ನೀತಿ ರೂಪಿಸಿದೆ. ಆದರೆ ಅಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಸುಣ್ಣ ಒಂದೇ ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಪ್ರತಿವರ್ಷ ಫೆಬ್ರವರಿಯಲ್ಲಿ ಪಾಚಿ ಉಜ್ಜಿ ತೆಗೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಬಾರಿ ಬಳಿಯಬೇಕು. ಅಂಗನವಾಡಿ ಕಟ್ಟಡಗಳ ವಾರ್ಷಿಕ ನಿರ್ವಹಣೆಯಲ್ಲಿ ಈ ಸಣ್ಣ ಮೊತ್ತವನ್ನು ಸೇರಿಸಿಕೊಳ್ಳಬಹುದು.

ಇನ್ನು ಗಾಳಿ. ಹಗಲಿನಲ್ಲಿ ಕಡಲ ಗಾಳಿ ಪಶ್ಚಿಮದಿಂದ, ರಾತ್ರಿಯ ಉತ್ತರಾರ್ಧದಲ್ಲಿ ಭೂಗಾಳಿ ಪೂರ್ವದಿಂದ ಬೀಸುತ್ತದೆ. ಆದ್ದರಿಂದ ಎದುರುಬದುರಾದ ಪೂರ್ವ-ಪಶ್ಚಿಮ ಕಿಟಕಿಗಳು ಬೇಕು. ತೊಡಕೆಂದರೆ, ಸಂಜೆಯ ಇಳಿಬಿಸಿಲೂ ಪಶ್ಚಿಮದಿಂದಲೇ ಬರುತ್ತದೆ. ಎರಡಡಿಯ ಸಜ್ಜಾ ಅದನ್ನು ತಡೆಯದು. ಆ ಬದಿಗೆ ಜಗಲಿ, ಚಪ್ಪರ, ಇಲ್ಲವೇ ಕಿಟಕಿಯಿಂದ ಸ್ವಲ್ಪ ದೂರದಲ್ಲಿ ಮಡಲಿನ ತಟ್ಟಿ ಇರಬೇಕು. ಗಾಳಿ ಬದಿಯಿಂದ ಒಳಬರುತ್ತದೆ, ಬಿಸಿಲು ಹೊರಗುಳಿಯುತ್ತದೆ. ಬಿಸಿಲು ಒಳಬಂದ ಮೇಲೆ ಪರದೆ ಎಳೆದು ಹೆಚ್ಚಿನ ಪ್ರಯೋಜನವಿಲ್ಲ.

ಕಿಟಕಿಯ ಅಳತೆಯ ಕುರಿತು ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ಪಷ್ಟವಾಗಿದೆ: ಒಣ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ, ನಮ್ಮಂಥ ತೇವದ ಪ್ರದೇಶದಲ್ಲಿ ಆರನೇ ಒಂದು ಭಾಗ. ಹತ್ತಡಿ ಚೌಕದ ಕೋಣೆಗೆ ಸುಮಾರು 17 ಚದರಡಿ ತೆರಪು ಬೇಕು. ಸಾಮಾನ್ಯವಾಗಿ ಇಡುವ ನಾಲ್ಕಡಿ-ಮೂರಡಿ ಕಿಟಕಿ 12 ಚದರಡಿ. ಅದೂ ಈಗ ಬಳಕೆಗೆ ಬಂದಿರುವ ಸರಿಯುವ ಅಲ್ಯೂಮಿನಿಯಂ ಕಿಟಕಿಯಾದರೆ ಅರ್ಧವಷ್ಟೇ ತೆರೆಯುತ್ತದೆ. ಉಳಿಯುವುದು ಆರೇ ಚದರಡಿ. ಸೊಳ್ಳೆ ಪರದೆಯಲ್ಲಿ ಧೂಳು ಕಟ್ಟಿದ್ದರೆ ಅಷ್ಟೂ ಇಲ್ಲ. ಎರಡು ಬಾಗಿಲುಗಳ ಹಳೆಯ ಮಾದರಿಯ ಕಿಟಕಿಯೇ ನಮಗೆ ತಕ್ಕುದು.

ಒಣಗಿಸಿಡುವ ವಿಷಯದಲ್ಲಿ ಒಂದು ಲೆಕ್ಕ ಸದಸ್ಯರಿಗೆ ಆಶ್ಚರ್ಯ ತರಬಹುದು. 14.2 ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು 22 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ; ಇದು ಕುದಿಯುವ ಗಂಜಿಯ ಆವಿಯನ್ನು ಬಿಟ್ಟು, ಉರಿಯಿಂದ ಮಾತ್ರ ಹುಟ್ಟುವ ನೀರು. ಅಡುಗೆಮನೆಯ ಮೇಲ್ಭಾಗದಲ್ಲಿ ತೆರಪಾಗಲಿ ಎಕ್ಸಾಸ್ಟ್ ಫ್ಯಾನ್ ಆಗಲಿ ಇಲ್ಲದಿದ್ದರೆ ಅದೆಲ್ಲ ಮಲಗುವ ಕೋಣೆಗೇ ಬರುತ್ತದೆ. ಒಳಗೆ ಬಟ್ಟೆ ಒಣಗಿಸುವುದೂ ಹಾಗೆಯೇ. ಹಿಂದಿನವರು ಬಚ್ಚಲನ್ನು ಮನೆಯಿಂದ ಬೇರೆಯಾಗಿ ಕಟ್ಟುತ್ತಿದ್ದುದರಿಂದ ಈ ತೊಂದರೆಯ ಒಂದು ಪಾಲು ತಾನಾಗಿಯೇ ತಪ್ಪುತ್ತಿತ್ತು.

ಕೆಳಗಿನಿಂದ ಬರುವ ತೇವ ಇನ್ನೂ ಹಠಮಾರಿ. ಕೆಂಪುಕಲ್ಲು ರಂಧ್ರಮಯ, ನೆಲದ ನೀರನ್ನು ಬತ್ತಿಯಂತೆ ಮೇಲಕ್ಕೆಳೆಯುತ್ತದೆ. ಪಂಚಾಂಗದ ಮೇಲೆ, ಗೋಡೆ ಏಳುವ ಮುನ್ನ, ಜಲನಿರೋಧಕ ಬೆರೆಸಿದ ಒಂದೂವರೆ-ಎರಡು ಇಂಚಿನ ಕಾಂಕ್ರೀಟ್ ಪದರ ಹಾಕಿದರೆ ಅದು ಅಲ್ಲಿಗೇ ನಿಲ್ಲುತ್ತದೆ. ತಪ್ಪಿದರೆ ಮುಂದೆ ಯಾವ ಪೇಂಟೂ ಗೋಡೆಯ ಮೇಲೆ ನಿಲ್ಲದು. ಜೊತೆಗೆ ಸೂರು ಕನಿಷ್ಠ ಎರಡಡಿ ಮುಂದಕ್ಕೆ ಚಾಚಿರಬೇಕು. ಸೂರಿನ ನೀರು ಬೀಳುವಲ್ಲಿ ಹೊರಕ್ಕೆ ಇಳಿಜಾರಾದ ಗಟ್ಟಿ ನೆಲವಿರಬೇಕು.

ವಿದ್ಯುತ್ತಿನ ಮಾತು ಕೊನೆಗೆ ಬರುವುದೇ ಸರಿ. ಫ್ಯಾನ್ ಕೋಣೆಯನ್ನು ತಣಿಸುವುದಿಲ್ಲ, ಮನುಷ್ಯನನ್ನು ಮಾತ್ರ ತಣಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ವ್ಯರ್ಥ. ದಿನಕ್ಕೆ 12 ಗಂಟೆ ನಡೆದರೆ 75 ವ್ಯಾಟಿನ ಹಳೆಯ ಫ್ಯಾನ್ ತಿಂಗಳಿಗೆ 27 ಯೂನಿಟ್, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ 11 ಯೂನಿಟ್ ಬಳಸುತ್ತದೆ. ಒಂದು ಟನ್ನಿನ ಎ.ಸಿ. ರಾತ್ರಿಯಿಡೀ ನಡೆದರೆ ತಿಂಗಳಿಗೆ 150 ಯೂನಿಟ್ ಆಸುಪಾಸು. ಗೃಹಜ್ಯೋತಿಯ ಮನೆಗಳು 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆಂಬುದನ್ನು ಕುಟುಂಬಗಳಿಗೆ ಮೊದಲೇ ತಿಳಿಸುವುದು ಒಳಿತು. ಎ.ಸಿ. ಇರುವವರು ಅದನ್ನು 26 ಡಿಗ್ರಿಗೆ ಇಟ್ಟು ಫ್ಯಾನನ್ನೂ ನಿಧಾನವಾಗಿ ತಿರುಗಿಸಿದರೆ ಸಾಕು. ಕರಾವಳಿಯಲ್ಲಿ ಎ.ಸಿ. ಮಾಡುವ ಮುಖ್ಯ ಉಪಕಾರ ಗಾಳಿಯ ನೀರನ್ನು ಹಿಂಡುವುದು. ಹೊರಗಿನ ಪೈಪಿನಿಂದ ತೊಟ್ಟಿಕ್ಕುವ ನೀರು ಅದೇ.

ಮಂಜೂರಾದ ಮನೆಗಳಿಗೆ ಕಂತುಗಳು ಹಂತಹಂತವಾಗಿ ಬಿಡುಗಡೆಯಾಗುವುದರಿಂದ, ತಳಪಾಯದ ಛಾಯಾಚಿತ್ರ ತೆಗೆಯುವ ದಿನ ಆ ವಾರ್ಡಿನ ಸದಸ್ಯರೂ ಸ್ಥಳದಲ್ಲಿದ್ದರೆ ಅನುಕೂಲ. ಪಂಚಾಂಗದ ಮೇಲಿನ ಪದರದ ಬಗ್ಗೆ ಮೇಸ್ತ್ರಿಯನ್ನು ಕೇಳಲು, ಕಿಟಕಿಗಳ ದಿಕ್ಕು ಮತ್ತು ಅಳತೆಯನ್ನು ಮನೆಯವರೊಂದಿಗೆ ನಿಂತು ನೋಡಲು ಅದೇ ತಕ್ಕ ದಿನ. ಲಿಂಟಲ್ ಹಂತಕ್ಕೆ ಬಂದ ಮೇಲೆ ಕಿಟಕಿ ದೊಡ್ಡದಾಗದು.